ಅಪ್ಪನಿಗೆ ಪ್ರಾಸ್ಟೇಟ್ ಸ್ಕ್ಯಾನ್: ಯಾವುದಕ್ಕೆ ದುಡ್ಡು ಸಿಗುತ್ತದೆ, ಯಾವುದಕ್ಕೆ ಇಲ್ಲ?

ಯಲಹಂಕದಿಂದ ಪ್ರಶ್ನೆ:
ಅಪ್ಪನಿಗೆ 67 ವರ್ಷ. ಪ್ರಾಸ್ಟೇಟ್‌ಗೆ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯಲ್ಲಿ 14 ಬಂದಿದೆ, ಜಾಸ್ತಿಯಂತೆ. ಡಾಕ್ಟರ್ ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ ಅಂದಿದ್ದಾರೆ. ಕ್ಯಾನ್ಸರ್ ಅಂತ ಗೊತ್ತಾದರೆ, ಅದು ಬೇರೆ ಕಡೆ ಹರಡಿದೆಯಾ ಅಂತ ನೋಡೋಕೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಕೂಡ ಬೇಕಾಗಬಹುದಂತೆ. ನಮ್ಮದು ಎಪಿಎಲ್ ಕಾರ್ಡ್. ನನ್ನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪನ ಹೆಸರಿದೆ. ಇದೆಲ್ಲ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ರಾಜಾಜಿನಗರ:
ಎಂಆರ್‌ಐ ಬಯಾಪ್ಸಿಗೆ ಮುಂಚೆಯೇ ಆಗಲಿ. ನಮ್ಮ ದೊಡ್ಡಪ್ಪನ ವಿಷಯದಲ್ಲಿ, ಬಯಾಪ್ಸಿ ಬಿಲ್ ಪಾಲಿಸಿಯಲ್ಲಿ ಬರುತ್ತದೆ, ಎಂಆರ್‌ಐ ಬರುವುದಿಲ್ಲ ಅಂತ ಯಾರೋ ಹೇಳಿದರು. ಮನೆಯವರು ಬಯಾಪ್ಸಿಯನ್ನೇ ಮೊದಲು ಮಾಡಿಸಿದರು. ಆಮೇಲೆ ಎಂಆರ್‌ಐ ಹೇಗೂ ಬೇಕಾಯಿತು. ಆದರೆ ಬಯಾಪ್ಸಿಯಾದ ಮೇಲೆ ಗ್ರಂಥಿಯಲ್ಲಿ ರಕ್ತ ಕಟ್ಟಿರುತ್ತದೆ, ಚಿತ್ರ ಸ್ಪಷ್ಟವಾಗಿ ಬರುವುದಿಲ್ಲ. ಸುಮ್ನೆ ಕೆಲವು ವಾರ ಕಾಯಬೇಕಾಯಿತು.

ಇನ್ನು ಇನ್ಶೂರೆನ್ಸ್. ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ. ಅದೇ ಕಾಯಿಲೆಗೆ ಆಪರೇಷನ್ ಆದರೆ, ಅಡ್ಮಿಟ್ ಆಗುವುದಕ್ಕೆ ಮುಂಚಿನ 30 ಅಥವಾ 60 ದಿನದ ಬಿಲ್ ಸೇರಿಸಬಹುದು. ನಿಮ್ಮದರಲ್ಲಿ ಎಷ್ಟು ದಿನ ಅಂತ ಎಚ್‌ಆರ್ ಹತ್ತಿರ ಕೇಳಿ. ಆಪರೇಷನ್ ತಡವಾದರೆ ಸ್ಕ್ಯಾನ್ ಬಿಲ್ ಆ ಅವಧಿಯಿಂದ ಆಚೆ ಹೋಗುತ್ತದೆ. ಹಾಗಂತ ಆಪರೇಷನ್‌ಗೆ ಅವಸರ ಮಾಡಬೇಡಿ, ಪ್ರಾಸ್ಟೇಟ್‌ನಲ್ಲಿ ಯೋಚನೆ ಮಾಡೋಕೆ ಸಾಮಾನ್ಯವಾಗಿ ಸಮಯ ಇರುತ್ತದೆ.

ಕೆ.ಆರ್. ಪುರ:
ನಮ್ಮದು ಬಿಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಬರೆಸಿಕೊಳ್ಳಿ. ಅದಿಲ್ಲದೆ ನೇರ ಖಾಸಗಿಗೆ ಹೋದರೆ ಓಡಾಟವೇ ಜಾಸ್ತಿ. ಪ್ಯಾಕೇಜ್ ಇರುವುದು ಮುಖ್ಯವಾಗಿ ಆಪರೇಷನ್, ರೇಡಿಯೇಷನ್ ಇಂಥದ್ದಕ್ಕೆ. ರೋಗ ಏನು ಅಂತ ಹುಡುಕುವ ಹಂತದಲ್ಲಿ ನಮ್ಮ ಜೇಬೇ ಖಾಲಿಯಾಯಿತು. ನಮ್ಮ ಅಪ್ಪನಿಗೆ ಪಿಎಸ್‌ಎಂಎ ಬದಲು ಸಿಟಿ, ಬೋನ್ ಸ್ಕ್ಯಾನ್‌ನಲ್ಲೇ ಮುಗಿಸಿದರು. ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ಸಹಾಯ ಮಾಡುವ ಆರೋಗ್ಯ ಮಿತ್ರರನ್ನು ಸ್ಕ್ಯಾನ್‌ಗೆ ಮುಂಚೆಯೇ ಕೇಳಿ, ಆಮೇಲೆ ಕೇಳಿದರೆ ಉಪಯೋಗವಿಲ್ಲ.

ಮಲ್ಲೇಶ್ವರಂ:
ಇಲ್ಲಿ ಸರ್ಕಾರದ ದುಡ್ಡು ಜಾಸ್ತಿ ಚಿಕಿತ್ಸೆಗೆ, ಅಲ್ವಾ? ನನ್ನ ಅಕ್ಕ, ಭಾವ ಮೆಲ್ಬರ್ನ್‌ನಲ್ಲಿದ್ದಾರೆ. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2018ರ ಜುಲೈಯಿಂದ ಪ್ರಾಸ್ಟೇಟ್ ಎಂಆರ್‌ಐಗೆ, 2022ರ ಜುಲೈಯಿಂದ ಪಿಎಸ್‌ಎಂಎ ಪೆಟ್‌ಗೆ ದುಡ್ಡು ಕೊಡುತ್ತಿದೆ. ಕೊಡೋಕೆ ಶುರುವಾದ ಮೇಲೆ ಬಳಕೆಯೂ ಏರಿತು. ಅಲ್ಲೇ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಅಪಾಯದ 302 ಗಂಡಸರಲ್ಲಿ ಪಿಎಸ್‌ಎಂಎ ಪೆಟ್ ಶೇ 92ರಷ್ಟು ನಿಖರ ಅಂತ ಬಂತು. ಸಿಟಿ, ಬೋನ್ ಸ್ಕ್ಯಾನ್ ಎರಡೂ ಸೇರಿ ಶೇ 65. ಆದರೂ ಅಲ್ಲಿ ಎಲ್ಲರಿಗೂ ಕೊಡುವುದಿಲ್ಲ. ಅಪಾಯ ಮಧ್ಯಮ ಅಥವಾ ಹೆಚ್ಚು ಇದ್ದವರಿಗೆ ಚಿಕಿತ್ಸೆಗೆ ಮುಂಚೆ ಒಂದು ಸಲ, ಕ್ಯಾನ್ಸರ್ ಮರುಕಳಿಸಿದರೆ ಎರಡು ಸಲ, ಅಷ್ಟೇ.

ಜಯನಗರ:
ಆ ಮಿತಿ ಯಾಕೆ ಬೇಕು ಅಂತ ನಮ್ಮ ಮಾವನ ಕಥೆ ಕೇಳಿ. ಕೇಂದ್ರ ಸರ್ಕಾರದಿಂದ ನಿವೃತ್ತರು, ಸಿಜಿಎಚ್‌ಎಸ್ ಕಾರ್ಡ್ ಇದೆ. ಕಾಯಿಲೆ ಕಡಿಮೆ ಅಪಾಯದ್ದು. ಆದರೂ "ಹೇಗೂ ಕಾರ್ಡ್ ಇದೆಯಲ್ಲ ಸಾರ್" ಅಂತ ಡಾಕ್ಟರ್ ಪಿಎಸ್‌ಎಂಎ ಬರೆದರು. ಪಕ್ಕೆಲುಬಿನಲ್ಲಿ ಒಂದು ಚುಕ್ಕೆ ಕಂಡಿತು. ಅದನ್ನು ನೋಡೋಕೆ ಇನ್ನೊಂದು ಸ್ಕ್ಯಾನ್. ಕೊನೆಗೆ ಏನೂ ಇರಲಿಲ್ಲ. ಈ ಸ್ಕ್ಯಾನ್‌ಗಳಲ್ಲಿ ಪಕ್ಕೆಲುಬಿನ ಇಂಥ ಚುಕ್ಕೆ ಅಪರೂಪವಲ್ಲವಂತೆ. ಅಲ್ಲಿಯವರೆಗೆ ಅತ್ತೆ ನಿದ್ದೆ ಮಾಡಿರಲಿಲ್ಲ. ಹಾಗಾಗಿ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ಈ ಸ್ಕ್ಯಾನ್ ರಿಪೋರ್ಟ್ ಹೇಗೆ ಬಂದರೆ ಚಿಕಿತ್ಸೆ ಬದಲಾಗುತ್ತದೆ? ಉತ್ತರ ಇಲ್ಲದಿದ್ದರೆ ಫ್ರೀ ಆದರೂ ಬೇಡ.

ಯಲಹಂಕ:
ಎಲ್ಲರಿಗೂ ಥ್ಯಾಂಕ್ಸ್. ಎಂಆರ್‌ಐ ಕೈಯಿಂದಲೇ ಕೊಟ್ಟು ಮಾಡಿಸುತ್ತೇವೆ, ಬಿಲ್ ಇಟ್ಟುಕೊಳ್ಳುತ್ತೇವೆ. ಪೆಟ್ ವಿಷಯ ಬಯಾಪ್ಸಿ ನೋಡಿಕೊಂಡು.

ರಾಜಾಜಿನಗರ:
ಅದೇ ಸರಿ. ಬಿಲ್ ಜೊತೆ ಡಾಕ್ಟರ್ ಚೀಟಿಯೂ ಇರಲಿ, ಕ್ಲೇಮ್‌ಗೆ ಎರಡೂ ಕೇಳುತ್ತಾರೆ. ಪೆಟ್ ಬೇಕು ಅಂದರೆ ಚೀಟಿಯಲ್ಲಿ ಪಿಎಸ್‌ಎಂಎ ಅಂತ ಬರೆದಿದೆಯಾ ನೋಡಿ. ಬರೀ "ಪೆಟ್ ಸಿಟಿ" ಅಂತಿದ್ದರೆ ಸಕ್ಕರೆ ಅಂಶದ ಎಫ್‌ಡಿಜಿ ಸ್ಕ್ಯಾನ್ ಮಾಡಿಬಿಡಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಅದರಲ್ಲಿ ಎಷ್ಟೋ ಸಲ ಸರಿಯಾಗಿ ಕಾಣುವುದೇ ಇಲ್ಲ.