ಕಾಲೇಜಿನ ಇ-ಮೇಲ್ ರದ್ದಾದರೆ ಅದರ ಮೂಲಕ ತೆರೆದ ಖಾತೆಗಳ ಗತಿಯೇನು?

ಮಾಲೂರಿನ ಓದುಗ:
ನಮಸ್ಕಾರ. ಕೋಲಾರದಲ್ಲಿ ಅಂತಿಮ ವರ್ಷದ ಪದವಿ ಓದುತ್ತಿರುವ ನನ್ನ ತಂಗಿಯ ಮಗಳು, ಉದ್ಯೋಗದ ಜಾಲತಾಣಕ್ಕೂ ಆನ್‌ಲೈನ್ ಕೋರ್ಸಿನ ಜಾಲತಾಣಕ್ಕೂ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳದೆ, ‘ಗೂಗಲ್ ಮೂಲಕ ಸೈನ್ ಇನ್’ ಎಂಬ ಗುಂಡಿಯೊತ್ತಿ ಕಾಲೇಜು ಕೊಟ್ಟ ಇ-ಮೇಲ್ ಖಾತೆಯಿಂದಲೇ ಪ್ರವೇಶಿಸುತ್ತಿದ್ದಾಳೆ. ಫಲಿತಾಂಶ ಬಂದ ಮೇಲೆ ಆ ಇ-ಮೇಲ್ ರದ್ದಾಗುತ್ತದೆಂದು ಕಾಲೇಜಿನವರು ತಿಳಿಸಿದ್ದಾರೆ. ಅವಳ ಪ್ರಮಾಣಪತ್ರಗಳೂ ಅರ್ಜಿಗಳೂ ಉಳಿಯುತ್ತವೆಯೇ? ಆ ತಾಣಗಳಿಗೆ ಅವಳ ಗೂಗಲ್ ಪಾಸ್‌ವರ್ಡ್ ತಿಳಿದಿರುತ್ತದೆಯೇ?

ತಿಪಟೂರಿನ ತಂತ್ರಾಂಶಿ:
ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ತಿಳಿದಿರುವುದಿಲ್ಲ. 2012ರ ಓಆತ್ 2.0 ಮತ್ತು ಅದರ ಮೇಲೆ 2014ರಲ್ಲಿ ರೂಪುಗೊಂಡ ಓಪನ್‌ಐಡಿ ಕನೆಕ್ಟ್ ಎಂಬ, ಇಂಥ ಲಾಗಿನ್ ಹೇಗೆ ನಡೆಯಬೇಕೆಂದು ಹೇಳುವ ಮಾನದಂಡಗಳ ಪ್ರಕಾರ, ಪಾಸ್‌ವರ್ಡನ್ನು ಪರಿಶೀಲಿಸುವುದು ಗೂಗಲ್ ಮಾತ್ರ. ಜಾಲತಾಣಕ್ಕೆ ತಲುಪುವುದು, ಗೆಜೆಟೆಡ್ ಅಧಿಕಾರಿ ಸಹಿ ಹಾಕಿದ ದೃಢೀಕೃತ ಪ್ರತಿಯಂತೆ, ಗೂಗಲ್ ಸಹಿ ಮಾಡಿದ ಟೋಕನ್. ಸಾಮಾನ್ಯವಾಗಿ ಅದರಲ್ಲಿ ಹೆಸರು, ಇ-ಮೇಲ್, ಭಾವಚಿತ್ರ ಮತ್ತು ಆ ಖಾತೆಗೆ ಮಾತ್ರ ಸೇರಿದ ಒಂದು ಗುರುತಿನ ಸಂಖ್ಯೆ ಇರುತ್ತವೆ. ಬರೀ ಲಾಗಿನ್‌ಗಾಗಿ ಡ್ರೈವ್ (ಗೂಗಲ್‌ನಲ್ಲಿ ಕಡತಗಳನ್ನಿಡುವ ಜಾಗ) ಅಥವಾ ಸಂಪರ್ಕಪಟ್ಟಿಯ ಅನುಮತಿ ಕೇಳುವ ತಾಣವನ್ನು ನಂಬದಿರುವುದು ಒಳ್ಳೆಯದು.

ಇನ್ನು ಮೊದಲ ಪ್ರಶ್ನೆ. ಇ-ಮೇಲ್ ರದ್ದಾದ ಮಾತ್ರಕ್ಕೆ ಆ ತಾಣಗಳಲ್ಲಿನ ಖಾತೆ ಅಳಿಯುವುದಿಲ್ಲ, ಆದರೆ ಒಳಹೋಗುವ ದಾರಿ ತಪ್ಪಿಹೋಗುತ್ತದೆ. ಹಾಗಾಗಿ ಹಳೆಯ ಇ-ಮೇಲ್ ಕೆಲಸ ಮಾಡುತ್ತಿರುವಾಗಲೇ ಪ್ರತಿ ತಾಣದ ಸೆಟ್ಟಿಂಗ್ಸ್‌ಗೆ ಹೋಗಿ ಸ್ವಂತ ಇ-ಮೇಲ್ ಸೇರಿಸಿ, ದೃಢೀಕರಣದ ಕೊಂಡಿಯನ್ನು ಒತ್ತಿ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಆಯ್ಕೆಯ ಮೂಲಕ ಹೊಸ ಪಾಸ್‌ವರ್ಡ್ ಪಡೆಯಬೇಕು. ಆಮೇಲೆ ಸೈನ್ ಔಟ್ ಮಾಡಿ, ಹೊಸ ವಿವರಗಳಿಂದ ಪ್ರವೇಶ ಸಿಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಕಾಲೇಜಿನ ಗೂಗಲ್ ಖಾತೆಯ ಜೋಡಣೆಯನ್ನು ಕಿತ್ತುಹಾಕಬಹುದು. ಇವನ್ನೆಲ್ಲ ಮಾಡದೆ ಸ್ವಂತ ಜಿಮೇಲ್‌ನಿಂದ ಅದೇ ಗುಂಡಿಯೊತ್ತಿದರೆ, ಗುರುತಿನ ಸಂಖ್ಯೆ ಬೇರೆಯಾದ್ದರಿಂದ, ಬಹುಪಾಲು ತಾಣಗಳು ಅವಳನ್ನು ಹೊಸಬಳೆಂದು ಭಾವಿಸಿ ಖಾಲಿ ಖಾತೆಯೊಂದನ್ನು ತೆರೆದುಬಿಡುತ್ತವೆ.

ಗೌರಿಬಿದನೂರಿನವರು:
ಮೇಲಿನವರ ವಿವರಣೆ ಸರಿಯೇ ಇದೆ, ಆದರೂ ಈ ಪದ್ಧತಿಯೇ ನನಗೆ ಒಪ್ಪಿಗೆಯಿಲ್ಲ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ಸುಮಾರು 3 ಕೋಟಿ ಖಾತೆಗಳ, ಪಾಸ್‌ವರ್ಡ್ ಇಲ್ಲದೆಯೇ ಒಳಹೋಗಲು ಬಿಡುವ ಟೋಕನ್‌ಗಳು ಕಳುವಾದಾಗ, ಅದರ ಮೂಲಕ ಲಾಗಿನ್ ಆಗುವ ಇತರ ತಾಣಗಳ ಬಗ್ಗೆಯೂ ಆತಂಕ ಹುಟ್ಟಿತ್ತು. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ ತಾಣಕ್ಕೊಂದು ಪಾಸ್‌ವರ್ಡ್ ಇಡುವುದೇ ಮೇಲು.

ಶಿಡ್ಲಘಟ್ಟದ ಸೈಬರ್ ಸೆಂಟರ್:
ಅದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನಮ್ಮಲ್ಲಿಗೆ ಅರ್ಜಿ ತುಂಬಲು ಬರುವವರಲ್ಲಿ ಅನೇಕರು ಎಲ್ಲದಕ್ಕೂ ತಮ್ಮ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಕೊಂಡಿರುತ್ತಾರೆ. ಅಂಥವರಿಗೆ ಎರಡು ಹಂತದ ಪರಿಶೀಲನೆಯಿರುವ ಒಂದೇ ಗೂಗಲ್ ಖಾತೆ ಎಷ್ಟೋ ಸುರಕ್ಷಿತ. ಆದರೆ ಹೊರಗಿನ ಕಂಪ್ಯೂಟರಿನಲ್ಲಿ ಉದ್ಯೋಗದ ತಾಣದಿಂದ ಲಾಗ್ ಔಟ್ ಆದರೂ ಗೂಗಲ್ ಖಾತೆ ತೆರೆದೇ ಇರಬಹುದು, ಅದನ್ನೂ ಬೇರೆಯಾಗಿ ಮುಚ್ಚಬೇಕು.

ಮಾಲೂರಿನ ಓದುಗ:
ಧನ್ಯವಾದಗಳು. ಉದ್ಯೋಗದ ತಾಣದಲ್ಲಿ ಇ-ಮೇಲ್ ಬದಲಾಯಿತು. ಕೋರ್ಸಿನ ತಾಣದಲ್ಲಿ ಅಂಥ ಆಯ್ಕೆಯೇ ಕಾಣುತ್ತಿಲ್ಲ.

ತಿಪಟೂರಿನ ತಂತ್ರಾಂಶಿ:
ಹಾಗಿದ್ದರೆ ಪ್ರಮಾಣಪತ್ರಗಳನ್ನು ಈಗಲೇ ಇಳಿಸಿಕೊಳ್ಳಲಿ. ಖಾತೆಯನ್ನು ಸ್ವಂತ ಇ-ಮೇಲ್‌ಗೆ ವರ್ಗಾಯಿಸುವಂತೆ ಸಹಾಯ ವಿಭಾಗಕ್ಕೆ ಕಾಲೇಜಿನ ವಿಳಾಸದಿಂದಲೇ ಬರೆಯಲಿ. ಖಾತೆ ತನ್ನದೆಂದು ತೋರಿಸಲು ಸದ್ಯಕ್ಕೆ ಅವಳ ಬಳಿಯಿರುವ ಪುರಾವೆ ಆ ವಿಳಾಸವೇ.