ಅಪ್‌ಡೇಟ್: ತಲೆಗೆ ಪೆಟ್ಟಾಗಿ 4 ತಿಂಗಳಾದರೂ ಬಿಡದ ತಲೆಸುತ್ತು, ಕೊನೆಗೂ ಕಾರಣ ಸಿಕ್ಕಿತು

ಎರಡು ವಾರದ ಹಿಂದೆ ಕೇಳಿದ್ದೆ: ಬೈಕಿನಿಂದ ಬಿದ್ದು 4 ತಿಂಗಳಾಯ್ತು, ಸಿಟಿ ಸ್ಕ್ಯಾನ್ ನಾರ್ಮಲ್, ಆದರೂ ತಲೆಸುತ್ತು, ತಲೆನೋವು, ಮರೆವು, ಸುಮ್ಮಸುಮ್ಮನೆ ಸಿಟ್ಟು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಮಲಗಿ ಮಗ್ಗುಲು ಬದಲಿಸಿದಾಗ ಸುತ್ತುತ್ತಾ?" ಅಂತ ಒಬ್ಬರು ಕೇಳಿದ್ದರಲ್ಲ, ಅದೇ ಸರಿಯಾಗಿತ್ತು! ಒಳಕಿವಿಯಲ್ಲಿ ಸಣ್ಣ ಕ್ಯಾಲ್ಸಿಯಂ ಹರಳುಗಳಿರುತ್ತವಂತೆ; ಪೆಟ್ಟಿಗೆ ಅವು ಜಾಗ ತಪ್ಪಿದ್ದವು. ಇಎನ್‌ಟಿ ಡಾಕ್ಟರು ನನ್ನನ್ನು ಮಲಗಿಸಿ, ತಲೆಯನ್ನು ಹಂತಹಂತವಾಗಿ ತಿರುಗಿಸಿದರು. ಎಪ್ಲಿ ವಿಧಾನವಂತೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎರಡು ಸಲ ಮಾಡಿಸಿದ ಮೇಲೆ ಸುತ್ತು ನಿಂತಿದೆ. ಇಷ್ಟಕ್ಕಾಗಿ 4 ತಿಂಗಳು ಗೋಡೆ ಹಿಡಿದು ಓಡಾಡಿದೆನಲ್ಲ ಅಂತ ನಗುವೂ ಬಂತು, ಅಳುವೂ ಬಂತು.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗುವ ಸಲಹೆ ನನಗೆ ಉಲ್ಟಾ ಹೊಡೆಯಿತು. ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕಿತ್ತು, ಆಮೇಲೆ ನಿಧಾನವಾಗಿ ಓಡಾಡಬೇಕಿತ್ತು ಅಂದರು ನರರೋಗ ತಜ್ಞರು. ಇನ್ನೊಂದು ಆಶ್ಚರ್ಯ: ದಿನಾ ನುಂಗುತ್ತಿದ್ದ ನೋವಿನ ಮಾತ್ರೆಯೇ ತಲೆನೋವನ್ನು ಜೀವಂತವಾಗಿಟ್ಟಿತ್ತು! ಅವರು ಹೇಳಿದಂತೆ ಬಿಟ್ಟೆ. ಮೊದಲ ವಾರ ನರಕ, ಈಗ ಪರವಾಗಿಲ್ಲ.

ಮರೆವು ಪೂರ್ತಿ ಹೋಗಿಲ್ಲ. ಸಿಟ್ಟಿಗೆ ಕೌನ್ಸೆಲಿಂಗ್ ಶುರುವಾಗಿದೆ. ಅದೂ ಪೆಟ್ಟಿನ ಪರಿಣಾಮ ಇರಬಹುದು ಅಂತ ಗೊತ್ತಾದಾಗ ಮನೆಯವರಿಗೇ ಹೆಚ್ಚು ಸಮಾಧಾನವಾಯ್ತು.

ಹಾಂ, ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ ಇಲ್ಲಿ ಕೇಳುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.