ಅಪ್ಪನ ವರ್ಕ್‌ಶಾಪ್ ಈಗ ನನ್ನ ಕೈಗೆ ಬಂದಿದೆ, ಯಾವ ಪುಸ್ತಕ ಓದಲಿ?

ಪೀಣ್ಯ_ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಜಾಬ್ ವರ್ಕ್ ಶಾಪ್ ಇದೆ, ಬೇರೆ ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡುತ್ತೇವೆ. ಲೋಹವನ್ನು ತಿರುಗಿಸಿ ಕಡೆಯುವ 4 ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಕೊರೆದು ರೂಪ ಕೊಡುವ 1 ವಿಎಂಸಿ, ಕೊನೆಯಲ್ಲಿ ಉಜ್ಜಿ ನಿಖರ ಅಳತೆಗೆ ತರುವ 1 ಗ್ರೈಂಡಿಂಗ್ ಮೆಷಿನ್, ಒಟ್ಟು 14 ಜನ. ಅಪ್ಪನಿಗೆ ಹುಷಾರಿಲ್ಲ, ಹೋದ ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಡಿಪ್ಲೊಮಾ ಆಗಿದೆ, ಮೆಷಿನ್ ಗೊತ್ತು. ಜನರನ್ನು ನಡೆಸಿಕೊಂಡು ಹೋಗುವುದು ಗೊತ್ತಿಲ್ಲ. ಆಪರೇಟರ್‌ಗಳೆಲ್ಲ ನನ್ನನ್ನು ಎತ್ತಿ ಆಡಿಸಿದವರು, ಅವರಿಗೆ "ಇದು ಹೀಗಲ್ಲ, ಹಾಗೆ ಮಾಡಿ" ಅಂತ ಹೇಳಬೇಕಾದಾಗ ಬಾಯೇ ಬರುವುದಿಲ್ಲ.

ಡೆಲಿವರಿ ಯಾವಾಗಲೂ ಲೇಟ್. ಓಟಿ (ಓವರ್‌ಟೈಮ್) ಮಾಡಿಸಿದರೂ ಅಷ್ಟೇ. ಜೊತೆಗೆ ನಮ್ಮ ಮುಕ್ಕಾಲು ಪಾಲು ಕೆಲಸ ಬೈಕ್ ಎಂಜಿನ್ನಿನ ಶಾಫ್ಟ್‌ಗಳದ್ದು, ಎಲೆಕ್ಟ್ರಿಕ್ ಗಾಡಿಗಳು ಜಾಸ್ತಿ ಆಗುತ್ತಾ ಹೋದರೆ ನಮ್ಮ ಗತಿ ಏನು ಅನ್ನುವ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ.

ನೆಟ್‌ನಲ್ಲಿ ಹುಡುಕಿದರೆ ಐವತ್ತು ಪುಸ್ತಕದ ಪಟ್ಟಿ ಸಿಗುತ್ತದೆ. ನನಗೆ ಸಿಗುವುದು ರಾತ್ರಿ ಊಟ ಆದಮೇಲೆ ಅರ್ಧ ಗಂಟೆ. ಇಂಗ್ಲಿಷ್ ನಿಧಾನಕ್ಕೆ ಓದುತ್ತೇನೆ, ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು. ನೀವು ಓದಿ, ಕೆಲಸಕ್ಕೆ ಬಂದಿರುವ ಪುಸ್ತಕ ಯಾವುದು ಹೇಳಿ.

ಟೂಲ್‌ರೂಮ್_ಅಣ್ಣ

ತಮ್ಮಾ, ಮೊದಲು 'ದಿ ಗೋಲ್' ಓದು. ಬೇರೆ ಎಲ್ಲ ಆಮೇಲೆ. ಎಲಿಯಾಹು ಗೋಲ್ಡ್‌ರಾಟ್ ಅಂತ ಇಸ್ರೇಲಿನ ಭೌತಶಾಸ್ತ್ರಜ್ಞ, ಜೆಫ್ ಕಾಕ್ಸ್ ಜೊತೆ ಸೇರಿ 1984ರಲ್ಲಿ ಬರೆದದ್ದು. ಇದು ಕಾದಂಬರಿ. ಹಾಗಾಗಿ ನಿನ್ನ ಅರ್ಧ ಗಂಟೆಗೆ ಸರಿಹೋಗುತ್ತದೆ, ಇಂಗ್ಲಿಷ್ ಕೂಡ ಸುಲಭ. ಒಂದು ಫ್ಯಾಕ್ಟರಿ, ಎಲ್ಲ ಆರ್ಡರೂ ಲೇಟ್, ಮೂರು ತಿಂಗಳಲ್ಲಿ ಸರಿ ಮಾಡದಿದ್ದರೆ ಬಾಗಿಲು ಹಾಕುತ್ತಾರೆ. ನಿನ್ನ ಕಥೆಯೇ ಅಲ್ವಾ?

ಅದರಲ್ಲಿ ಮ್ಯಾನೇಜರು ಮಗನ ಸ್ಕೌಟ್ ಹುಡುಗರನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವ ಭಾಗ ಬರುತ್ತದೆ. ಹರ್ಬಿ ಅಂತ ಒಬ್ಬ ದಪ್ಪ ಹುಡುಗ ನಿಧಾನಕ್ಕೆ ನಡೆಯುತ್ತಾನೆ. ಮುಂದಿನವರು ಎಷ್ಟು ಓಡಿದರೂ ಏನು ಬಂತು, ಹರ್ಬಿ ತಲುಪಿದಾಗಲೇ ಗುಂಪು ತಲುಪಿದ ಹಾಗೆ. ಕೊನೆಗೆ ಅವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಅವನ ಚೀಲದ ಭಾರವನ್ನು ಉಳಿದವರು ಹಂಚಿಕೊಳ್ಳುತ್ತಾರೆ. ನಿನ್ನ ಶಾಪ್‌ನಲ್ಲಿ ಹರ್ಬಿ ಯಾರು ಅಂತ ನೀನು ಬರೆದದ್ದು ಓದಿದಾಗಲೇ ನನಗೆ ಅನ್ನಿಸಿತು. 4 ಲೇತ್ ಸೇರಿ 1 ಗ್ರೈಂಡರಿಗೆ ಮಾಲು ಸುರಿಯುತ್ತಿವೆ. ಗ್ರೈಂಡರ್ ಪಕ್ಕದಲ್ಲಿ ಟ್ರೇ ರಾಶಿ ಬಿದ್ದಿದೆಯಾ, ನಾಳೆ ಹೋಗಿ ನೋಡು. ಬಿದ್ದಿದ್ದರೆ ಲೇತಿನವರಿಗೆ ಓಟಿ ಕೊಡುವುದು ದಂಡ, ರಾಶಿ ಇನ್ನೂ ದೊಡ್ಡದಾಗುತ್ತದೆ ಅಷ್ಟೇ.

ನಮ್ಮಲ್ಲೂ ಹೀಗೇ ಇತ್ತು. ಪುಸ್ತಕ ಓದಿದ ಮೇಲೆ ನಾನು ಮಾಡಿದ್ದು ಎರಡೇ ಕೆಲಸ. ಊಟದ ಹೊತ್ತಿನಲ್ಲಿ ಗ್ರೈಂಡರ್ ನಿಲ್ಲದ ಹಾಗೆ ಇನ್ನೊಬ್ಬ ಹುಡುಗನನ್ನು ತಯಾರು ಮಾಡಿದೆ. ಮತ್ತೆ, ಅಳತೆ ತಪ್ಪಿದ ಪೀಸ್‌ಗಳನ್ನು ಗ್ರೈಂಡಿಂಗಿಗೆ ಮುಂಚೆಯೇ ಚೆಕ್ ಮಾಡಿ ತೆಗೆಯಲು ಶುರು ಮಾಡಿದೆ, ಮೊದಲು ಗ್ರೈಂಡ್ ಆದಮೇಲೆ ರಿಜೆಕ್ಟ್ ಮಾಡುತ್ತಿದ್ದೆವು, ಅಷ್ಟು ಹೊತ್ತೂ ನೀರಿಗೆ ಹೋದ ಹಾಗೆ. ಹೊಸ ಮೆಷಿನ್ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಡೆಲಿವರಿ ದಾರಿಗೆ ಬಂತು.

ಹಾಸನದವಳು

ಅಣ್ಣ ಹೇಳಿದ್ದು ಮೆಷಿನ್ ವಿಷಯಕ್ಕಾಯಿತು, ನಾನು ಜನರ ವಿಷಯ ಹೇಳುತ್ತೇನೆ. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರ 'ಐ ಟೂ ಹ್ಯಾಡ್ ಎ ಡ್ರೀಮ್' ಓದಿ. ಅವರು ಗುಜರಾತಿನ ಆಣಂದ್‌ಗೆ ಬಂದದ್ದು 1949ರಲ್ಲಿ, ಸರ್ಕಾರಿ ಸ್ಕಾಲರ್‌ಶಿಪ್ಪಿನ ಬಾಂಡ್ ತೀರಿಸಲು, ಇರುವ ಮನಸ್ಸೇ ಇರಲಿಲ್ಲ. ಊರಿಗೂ ಹೊಸಬರು, ಹಾಲಿನ ವ್ಯವಹಾರಕ್ಕೂ ಹೊಸಬರು. ಆಮೇಲೆ ಅವರು ಸೇರಿದ್ದು ಹಾಲಿನ ಸಹಕಾರ ಸಂಘಕ್ಕೆ, ಅಲ್ಲಿ ಮಾಲೀಕರು ರೈತರು. ಹುಕುಂ ಚಲಾಯಿಸಿ ನಡೆಯುವ ಜಾಗವೇ ಅಲ್ಲ. ಅಲ್ಲಿ ಜನ ಅವರ ಮಾತು ಕೇಳಲು ಶುರು ಮಾಡಿದ್ದು ಅವರು ಸಂಘದ ಅಧ್ಯಕ್ಷ ತ್ರಿಭುವನದಾಸ್ ಪಟೇಲರ ಜೊತೆ ನಿಂತು ರೈತರ ಕೆಲಸವನ್ನು ತಮ್ಮದು ಅಂದುಕೊಂಡ ಮೇಲೆ.

ಇನ್ನೊಂದು ಭಾಗ ನನಗೆ ತುಂಬಾ ಇಷ್ಟ. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದಿಲ್ಲ ಅಂತ ವಿದೇಶದ ಪರಿಣತರು ಹೇಳಿದ್ದರು. ಕುರಿಯನ್ ಜೊತೆಗಿದ್ದ ಎಚ್. ಎಂ. ದಲಾಯಾ ಮಾಡಿ ತೋರಿಸಿದರು. ಕುರಿಯನ್ ಆ ಹೆಸರನ್ನು ಮುಚ್ಚಿಡುವುದಿಲ್ಲ, ಇದು ದಲಾಯಾ ಮಾಡಿದ್ದು ಅಂತಲೇ ಹೇಳುತ್ತಾರೆ. ನಿಮ್ಮ ಹಿರಿಯ ಆಪರೇಟರ್‌ಗಳಲ್ಲೂ ಅಂಥವರು ಇರುತ್ತಾರೆ, ಅವರನ್ನು ಹೋಗಿ ಕೇಳಿ. "ಮಾಮ, ಈ ಜಾಬ್ ಬೇಗ ಆಗಬೇಕಾದರೆ ಏನು ಮಾಡಬಹುದು" ಅಂತ. ಹೇಳುವುದಕ್ಕಿಂತ ಕೇಳುವುದು ನಿಮ್ಮ ವಯಸ್ಸಿನಲ್ಲಿ ಸುಲಭ.

ಕನ್ನಡದಲ್ಲಿ ಬೇಕಾದರೆ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ 'ಬಾನಯಾನ' ಇದೆ. ಸೈನ್ಯ ಬಿಟ್ಟು ಬಂದು ಬೇಸಾಯ, ರೇಷ್ಮೆ, ಆಮೇಲೆ ಹೆಲಿಕಾಪ್ಟರ್, 2003ರಲ್ಲಿ ಏರ್ ಡೆಕ್ಕನ್. ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಉದ್ಘಾಟನೆಯ ವಿಮಾನದ ಎಂಜಿನ್ನಿಗೇ ಬೆಂಕಿ ಹತ್ತಿತ್ತು, ಒಳಗೆ ವೆಂಕಯ್ಯ ನಾಯ್ಡು ಕೂತಿದ್ದರು. ಅಂಥ ದಿನದ ಮರುದಿನ ಎದ್ದು ಆಫೀಸಿಗೆ ಹೋಗುವುದು ಹೇಗೆ ಅಂತ ತಿಳಿಯಲು ಓದಿ. ಲಾಭ ನಷ್ಟದ ಪಾಠ ಅದರಲ್ಲಿ ಹುಡುಕಬೇಡಿ, ಕಂಪನಿ ಕೊನೆಗೆ ಕಿಂಗ್‌ಫಿಷರ್ ಕೈಗೆ ಹೋಯಿತು. ಧೈರ್ಯದ ಪಾಠ ಮಾತ್ರ ಅದರಲ್ಲಿ ಧಾರಾಳವಾಗಿದೆ.

ಹಳೇ_ಓದುಗ

ಎಲೆಕ್ಟ್ರಿಕ್ ಗಾಡಿಯ ಚಿಂತೆಗೆ, ಚಿಪ್ ಮಾಡುವ ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ ಅವರ 'ಓನ್ಲಿ ದಿ ಪ್ಯಾರನಾಯ್ಡ್ ಸರ್ವೈವ್', 1996ರದ್ದು. ಇಂಟೆಲ್ ಹುಟ್ಟಿದ್ದೇ ಮೆಮೊರಿ ಚಿಪ್ ಮಾಡಲು. 1985ರ ಹೊತ್ತಿಗೆ ಜಪಾನಿನವರು ಅದೇ ಚಿಪ್ಪನ್ನು ಚೆನ್ನಾಗಿಯೂ ಅಗ್ಗವಾಗಿಯೂ ಮಾಡುತ್ತಿದ್ದರು. ಗ್ರೋವ್ ಒಂದು ದಿನ ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಗಾರ್ಡನ್ ಮೂರ್ ಅವರನ್ನು ಕೇಳಿದರು, ನಮ್ಮಿಬ್ಬರನ್ನೂ ತೆಗೆದು ಹೊಸಬನನ್ನು ತಂದರೆ ಅವನು ಏನು ಮಾಡುತ್ತಾನೆ? ಮೆಮೊರಿ ಬಿಟ್ಟುಬಿಡುತ್ತಾನೆ ಅಂದರು ಮೂರ್. ಹಾಗಾದರೆ ನಾವೇ ಬಾಗಿಲಿನಿಂದ ಹೊರಗೆ ಹೋಗಿ ವಾಪಸ್ ಬಂದು ಅದನ್ನು ಮಾಡೋಣ ಅಂದರು ಗ್ರೋವ್. ಮಾಡಿದರು ಕೂಡ, ಆದರೆ ವರ್ಷಗಳೇ ಹಿಡಿದವು, ಮನಸ್ಸು ಒಪ್ಪಲು ಎಷ್ಟು ಕಷ್ಟವಾಯಿತು ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ನಿಮ್ಮ ವಿಷಯದಲ್ಲೂ ಆ ಪ್ರಶ್ನೆ ಕೇಳಿಕೊಳ್ಳಿ. ಶಾಪನ್ನು ಇವತ್ತು ಕೊಂಡ ಹೊಸಬ ಮೊದಲು ಯಾರ ಬಾಗಿಲು ತಟ್ಟುತ್ತಿದ್ದ? ಎಲೆಕ್ಟ್ರಿಕ್ ಮೋಟಾರಿಗೂ ಶಾಫ್ಟ್ ಬೇಕು. ಪಂಪಿಗೂ ಬೇಕು.

ಒಂದು ಎಚ್ಚರಿಕೆ. ಜಿಮ್ ಕಾಲಿನ್ಸ್ ಅವರ 'ಗುಡ್ ಟು ಗ್ರೇಟ್' ಅನ್ನು ಎಲ್ಲರೂ ಹೇಳುತ್ತಾರೆ. ಓದಬೇಡಿ ಅನ್ನುವುದಿಲ್ಲ, ನಾಯಕನಾದವನು ತಗ್ಗಿ ನಡೆಯಬೇಕು ಅನ್ನುವ ಅದರ ಮಾತು ಒಳ್ಳೆಯದೇ. ಆದರೆ 2001ರಲ್ಲಿ ಅದು ಹೊಗಳಿದ 11 ಅಮೆರಿಕನ್ ಕಂಪನಿಗಳಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಆಯಿತು, ಮನೆ ಸಾಲದ ಫ್ಯಾನಿ ಮೇ ಅದೇ ವರ್ಷ ಸರ್ಕಾರದ ಹಿಡಿತಕ್ಕೆ ಹೋಯಿತು. ಗೆದ್ದ ಮೇಲೆ ಹಿಂದಕ್ಕೆ ತಿರುಗಿ ನೋಡಿ ಬರೆದ ಪುಸ್ತಕದ ತೊಂದರೆ ಇದು. ಗೆದ್ದಾಗ ಏನು ಮಾಡಿದರೂ ಸರಿಯಾಗಿಯೇ ಕಾಣುತ್ತದೆ.

ಪೀಣ್ಯ_ಹುಡುಗ

ಅಣ್ಣಾ, ರಾಶಿ ಇದೆ. ಇವತ್ತು ಬೆಳಿಗ್ಗೆ ಎಣಿಸಿದೆ, ಗ್ರೈಂಡರ್ ಪಕ್ಕ 31 ಟ್ರೇ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. ಸುಮ್ನೆ ಒಂದು ನೋಟ್‌ಬುಕ್ ಹಿಡಿದು ಆ ಮೆಷಿನ್ ನಿಂತ ಹೊತ್ತೆಲ್ಲ ಬರೆದೆ. ಊಟಕ್ಕೆ 45 ನಿಮಿಷ, ಟೀಗೆ ಎರಡು ಸಲ, ವೀಲ್ ಡ್ರೆಸ್ಸಿಂಗ್ (ಗ್ರೈಂಡಿಂಗ್ ಕಲ್ಲನ್ನು ಸರಿ ಮಾಡುವುದು), ಡ್ರಾಯಿಂಗ್ ಹುಡುಕಲು 20 ನಿಮಿಷ.

ಅಕ್ಕಾ, ನೀವು ಹೇಳಿದ ಹಾಗೆ ಗ್ರೈಂಡಿಂಗ್ ಮಾಮನನ್ನು ಕೇಳಿದೆ. ಅವರು 19 ವರ್ಷದಿಂದ ನಮ್ಮಲ್ಲಿದ್ದಾರೆ. ಲೇತಿನಿಂದ ಬರುವ ಪೀಸಿನಲ್ಲಿ ನಾನು ಉಜ್ಜಿ ತೆಗೆಯಬೇಕಾದ ಮೆಟೀರಿಯಲ್ ಜಾಸ್ತಿ ಬಿಟ್ಟಿರುತ್ತಾರೆ, ಅದನ್ನು ಕಡಿಮೆ ಮಾಡಿದರೆ ನನ್ನ ಹೊತ್ತು ಎಷ್ಟೋ ಉಳಿಯುತ್ತದೆ ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. ಯಾರೂ ಕೇಳಲಿಲ್ಲವಲ್ಲಪ್ಪ ಅಂದರು.

'ದಿ ಗೋಲ್' ಆರ್ಡರ್ ಮಾಡಿದ್ದೇನೆ. 'ಬಾನಯಾನ' ಅಪ್ಪನಿಗೆ, ಅವರೂ ಮಲಗಿದಲ್ಲೇ ಓದುತ್ತಾರೆ.

ಟೂಲ್‌ರೂಮ್_ಅಣ್ಣ

ಲೇತಿನ ಅಳತೆ ಬದಲಿಸುವಾಗ ಆ ಮಾಮನನ್ನೇ ಜೊತೆಗೆ ಕರೆದುಕೊಂಡು ಹೋಗು, ಎಷ್ಟು ಬಿಡಬೇಕು ಅಂತ ಅವರೇ ಹೇಳಲಿ. ಮೊದಲು ಒಂದು ಬ್ಯಾಚ್ ಮಾತ್ರ ಮಾಡಿ ನೋಡು. ಗ್ರೈಂಡ್ ಆದಮೇಲೆ ಪೀಸಿನ ಮೈ ಪೂರ್ತಿ ಸಾಫ್ ಬರುತ್ತಿದೆಯಾ ನೋಡಿ ಆಮೇಲೆ ಉಳಿದದ್ದು. ಏನಾಯಿತು ಅಂತ ಇಲ್ಲಿ ಬರೆ.